ಮನೆ ಸರ್ವರ್‌ಗೆ ಡೆಬಿಯನ್: ಕಲಬುರಗಿಯ ಬಿಸಿಲಿಗೂ ಕರೆಂಟಿಗೂ ಇದೇ ಸರಿ

ಮನೆಯಲ್ಲೊಂದು ಸರ್ವರ್ (ಮನೆಯವರೆಲ್ಲರ ಫೈಲುಗಳಿಗೆ ಸದಾ ಆನ್ ಇರುವ ಕಂಪ್ಯೂಟರ್) ಇಡಬೇಕು, ಅದಕ್ಕೆ ವಿಂಡೋಸ್ ಬದಲು ಯಾವ ಲಿನಕ್ಸ್ ಹಾಕಲಿ ಅಂತ ಯಾರು ಕೇಳಿದರೂ ನನ್ನ ಉತ್ತರ ಒಂದೇ: ಡೆಬಿಯನ್. ಕಲಬುರಗಿಯವರಿಗಂತೂ ಕಣ್ಣು ಮುಚ್ಚಿ ಹೇಳುತ್ತೇನೆ. ಇಲ್ಲಿ ಮೇ ತಿಂಗಳಲ್ಲಿ ಬಿಸಿಲು 42-43 ಡಿಗ್ರಿ ಮುಟ್ಟುತ್ತದೆ. ಮಳೆ ಗಾಳಿ ಶುರುವಾದರೆ ಕರೆಂಟ್ ಯಾವಾಗ ಹೋಗುತ್ತೋ ಯಾವಾಗ ಬರುತ್ತೋ ಹೇಳೋಕಾಗಲ್ಲ. ನಾವು ಊರಲ್ಲಿ ಇಲ್ಲದಾಗಲೂ ಸರ್ವರ್ ತಾನೇ ಎದ್ದು ಕೆಲಸ ಶುರು ಮಾಡಬೇಕು, ಅಲ್ವಾ?

ನಮ್ಮ ಮನೆಯಲ್ಲಿರೋದು 4 ಜಿಬಿ ರ್‍ಯಾಮ್‌ನ ಹಳೇ ಲ್ಯಾಪ್‌ಟಾಪ್. ಅದರಲ್ಲಿ ಡೆಬಿಯನ್ 13. ಫೋಟೊ, ಫೈಲು ಹಂಚಿಕೊಳ್ಳೋಕೆ ಸಾಂಬಾ, ಸಿನಿಮಾ ನೋಡೋಕೆ ಜೆಲ್ಲಿಫಿನ್ ಅನ್ನೋ ಸಾಫ್ಟ್‌ವೇರ್, ಅಷ್ಟೇ. ಇನ್‌ಸ್ಟಾಲ್ ಮಾಡುವಾಗ ಡೆಸ್ಕ್‌ಟಾಪ್‌ನ ಟಿಕ್ ತೆಗೆದು ಎಸ್‌ಎಸ್‌ಎಚ್ ಸರ್ವರ್‌ಗೆ (ಬೇರೆ ಕಂಪ್ಯೂಟರ್‌ನಿಂದ ಇದನ್ನು ನಡೆಸೋಕೆ) ಟಿಕ್ ಹಾಕಿ. ಸುಮ್ನೆ ರ್‍ಯಾಮ್ ತಿನ್ನೋದು, ಬಿಸಿಯಾಗೋದು ಎರಡೂ ಕಮ್ಮಿ. ರೂಟ್ (ಎಲ್ಲ ಅಧಿಕಾರ ಇರುವ ಖಾತೆ) ಪಾಸ್‌ವರ್ಡ್ ಕೇಳಿದ ಕಡೆ ಖಾಲಿ ಬಿಡಿ, ಆಗ ನಿಮ್ಮ ಯೂಸರ್‌ಗೇ ಸುಡೊ, ಅಂದರೆ ಆ ಅಧಿಕಾರ ಬಳಸುವ ಅನುಮತಿ, ಸಿಗುತ್ತದೆ. ಅಲ್ಲಿ ಏನಾದರೂ ಬರೆದರೆ ಆಮೇಲೆ ಸುಡೊ ನೀವೇ ಹಾಕಿಕೊಳ್ಳಬೇಕು. ಲ್ಯಾಪ್‌ಟಾಪ್ ಮುಚ್ಚಿದ ತಕ್ಷಣ ಮಲಗಿಬಿಡುತ್ತದೆ, ಅದಕ್ಕೆ ಲಾಗಿನ್‌ಡಿ ಸೆಟ್ಟಿಂಗ್ ಫೈಲಿನಲ್ಲಿ (logind.conf) ಹ್ಯಾಂಡಲ್‌ಲಿಡ್‌ಸ್ವಿಚ್ (HandleLidSwitch) ಅನ್ನೋ ಸಾಲಿನ ಮುಂದಿರುವ ಹ್ಯಾಶ್ (#) ಅಳಿಸಿ, = ಆದ ಮೇಲೆ ಇಗ್ನೋರ್ (ignore) ಅಂತ ಬರೆದು ಒಮ್ಮೆ ರೀಬೂಟ್ ಮಾಡಿ. ಬ್ಯಾಟರಿ ಚೆನ್ನಾಗಿದ್ದರೆ ಅದೇ ಯುಪಿಎಸ್. ಉಬ್ಬಿದ್ದರೆ ಮಾತ್ರ ಮೊದಲು ತೆಗೆಸಿ, ಈ ಬಿಸಿಲಿಗೆ ಅದು ಅಪಾಯ. ಡೆಸ್ಕ್‌ಟಾಪ್ ಪಿಸಿ ಇದ್ದವರು ಬಯೋಸ್‌ಗೆ (ಪಿಸಿ ಆನ್ ಆಗುವಾಗ ತೆರೆಯಬಹುದಾದ ಸೆಟ್ಟಿಂಗ್ ಪರದೆ) ಹೋಗಿ, ಕರೆಂಟ್ ಬಂದ ಮೇಲೆ ತಾನೇ ಆನ್ ಆಗುವ ಆಯ್ಕೆ ಹುಡುಕಿ ಇಟ್ಟುಕೊಳ್ಳಿ.

ಉಬುಂಟು ಎಲ್‌ಟಿಎಸ್ (ಇನ್ನೊಂದು ಲಿನಕ್ಸ್‌ನ ದೀರ್ಘಕಾಲದ ಆವೃತ್ತಿ) ಕೂಡ ಕೆಟ್ಟದ್ದಲ್ಲ, 5 ವರ್ಷ ಅಪ್‌ಡೇಟ್ ಬರುತ್ತದೆ. ಆದರೆ ಅದರಲ್ಲಿ ಆ್ಯಪ್ ಹಾಕುವ ಸ್ನ್ಯಾಪ್ ಅನ್ನೋ ವಿಧಾನ ನನಗೆ ಹಿಡಿಸಲ್ಲ. ಫೆಡೊರಾ ಒಂದೊಂದು ಆವೃತ್ತಿಗೂ ಹತ್ತಿರಹತ್ತಿರ 13 ತಿಂಗಳಷ್ಟೇ ಆಯಸ್ಸು, ಮನೆ ಸರ್ವರ್‌ಗೆ ಯಾಕೆ ಬೇಕು ಆ ಓಡಾಟ? ಸೆಂಟ್ಓಎಸ್ 8 ಅನ್ನೋ ಲಿನಕ್ಸನ್ನು 2029ರವರೆಗೆ ನಡೆಸುತ್ತೇವೆ ಅಂದಿದ್ದ ರೆಡ್ ಹ್ಯಾಟ್ ಕಂಪನಿಯವರು 2021ರ ಕೊನೆಗೇ ನಿಲ್ಲಿಸಿದರು. ಡೆಬಿಯನ್ ಹಿಂದೆ ಯಾವ ಕಂಪನಿಯೂ ಇಲ್ಲ, 1993ರಿಂದ ಸ್ವಯಂಸೇವಕರೇ ನಡೆಸುತ್ತಿದ್ದಾರೆ. ನನಗೆ ನಂಬಿಕೆ ಬಂದದ್ದು ಇದರಿಂದಲೇ.

ಕೊರತೆ ಇಲ್ಲದೇ ಇಲ್ಲ. ಸಾಫ್ಟ್‌ವೇರ್ ಸ್ವಲ್ಪ ಹಳೇ ಆವೃತ್ತಿಯದೇ ಇರುತ್ತದೆ. 32 ಬಿಟ್‌ನ ತೀರಾ ಹಳೇ ಪಿಸಿಗೆ ಡೆಬಿಯನ್ 13ರ ಇನ್‌ಸ್ಟಾಲರ್ ಬರುವುದಿಲ್ಲ, ಅಂಥದ್ದನ್ನು ಸರ್ವರ್‌ಗೆ ಅಂತ ಕೊಳ್ಳಬೇಡಿ. ಮತ್ತೆ ರೂಟರ್‌ಗೂ ಒಂದು ಚಿಕ್ಕ ಯುಪಿಎಸ್ ತಗೊಳ್ಳಿ, ರೂಟರ್ ಆಫ್ ಆದರೆ ಸರ್ವರ್ ಎದ್ದಿದ್ದರೂ ಫೋನಿಗೆ ಸಿಗಲ್ಲ.