ಬಾಡಿಗೆ ಬೈಕಿನ ನಿಜವಾದ ಪರೀಕ್ಷೆ ಇಳಿಜಾರಿನಲ್ಲಿ: ಮುಳ್ಳಯ್ಯನಗಿರಿಗೆ ಹೋಗಿ ಬಂದ ಮೇಲೆ ಬರೆದ ವಿಮರ್ಶೆ

ಅಕ್ಟೋಬರಿನ ಒಂದು ವಾರಾಂತ್ಯದಲ್ಲಿ ನಾವು ನಾಲ್ವರು ಗೆಳೆಯರು ಚಿಕ್ಕಮಗಳೂರಿನ ಗಿರಿಗಳಿಗೆ ಬೈಕಿನಲ್ಲಿ ಹೋಗುವುದೆಂದು ನಿಶ್ಚಯಿಸಿದಾಗ, ಅಷ್ಟು ದೂರ ನಂಬಿ ಓಡಿಸಬಹುದಾದ ಸ್ವಂತ ಬೈಕು ಇದ್ದದ್ದು ಇಬ್ಬರಲ್ಲಿ ಮಾತ್ರ. ಉಳಿದ ಇಬ್ಬರು, ಅಂದರೆ ನಾನು ಮತ್ತು ನನ್ನ ಹಳೆಯ ಸಹಪಾಠಿ, ದಕ್ಷಿಣ ಬೆಂಗಳೂರಿನ ಒಂದು ಬಾಡಿಗೆ ಅಂಗಡಿಯಿಂದ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411 ಬೈಕುಗಳನ್ನು ಎರಡು ದಿನಕ್ಕೆ ಪಡೆದೆವು. ನನ್ನ ದೂರನ್ನು ಮಾಲೀಕರಿಗೇ ನೇರವಾಗಿ ತಿಳಿಸಿರುವುದರಿಂದ ಅಂಗಡಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ.

ಮೊದಲು ಮೆಚ್ಚಬೇಕಾದದ್ದನ್ನು ಹೇಳುತ್ತೇನೆ. ಕಾಗದಪತ್ರಗಳ ವಿಷಯದಲ್ಲಿ ಈ ಅಂಗಡಿಯವರು ಅಚ್ಚುಕಟ್ಟು. ಎರಡೂ ಬೈಕುಗಳಿಗೆ, ಬಾಡಿಗೆಗೆ ಕೊಡುವ ವಾಹನದ ಗುರುತಾದ, ಕಪ್ಪು ಫಲಕದ ಮೇಲೆ ಹಳದಿ ಅಕ್ಷರಗಳ ನೋಂದಣಿ ಸಂಖ್ಯೆಯಿತ್ತು; ಆರ್‌ಸಿ, ವಿಮೆ ಮತ್ತು ಹೊಗೆ ತಪಾಸಣೆಯ ಪ್ರಮಾಣಪತ್ರಗಳ ಪ್ರತಿಗಳನ್ನು ಕೇಳುವ ಮೊದಲೇ ಕೊಟ್ಟರು. ಬೈಕುಗಳನ್ನು ಬಾಡಿಗೆಗೆ ಕೊಡುವ ವ್ಯವಹಾರಕ್ಕೆ 1997ರ ಕೇಂದ್ರ ಯೋಜನೆಯೊಂದರ ಪ್ರಕಾರ ಪರವಾನಗಿ ಬೇಕು. ಬಿಳಿ ಫಲಕದ ಖಾಸಗಿ ಬೈಕನ್ನು ಕಡಿಮೆ ದರಕ್ಕೆ ಕೊಡುವವರು ನಗರದಲ್ಲಿ ಇದ್ದಾರಾದರೂ, ಅಂಥ ಬೈಕಿನಲ್ಲಿ ಅಪಘಾತವಾದರೆ ಪರಿಹಾರ ನಿರಾಕರಿಸಲು ವಿಮಾ ಕಂಪನಿಗೆ ನಾವೇ ಕಾರಣ ಒದಗಿಸಿದಂತಾಗುತ್ತದೆ. ದಿನಕ್ಕೆ 1,500 ರೂಪಾಯಿ ಬಾಡಿಗೆ, 3,000 ರೂಪಾಯಿ ಠೇವಣಿ, ದಿನಕ್ಕೆ 300 ಕಿಲೋಮೀಟರ್ ಮಿತಿ ಎಂಬ ಷರತ್ತುಗಳನ್ನು ರಸೀದಿಯಲ್ಲೇ ಮುದ್ರಿಸಿದ್ದರು. ಇದರಲ್ಲಿ ಮುಚ್ಚುಮರೆ ಇರಲಿಲ್ಲ.

ಬೈಕನ್ನು ಕೈಗೊಪ್ಪಿಸಿದ ಬಗೆ ಮಾತ್ರ ಸರಿಯಿರಲಿಲ್ಲ. ಶುಕ್ರವಾರ ರಾತ್ರಿ ಎಂಟು ಗಂಟೆಗೆ, ಒಂದೇ ಟ್ಯೂಬ್‌ಲೈಟ್ ಇದ್ದ ನೆಲಮಾಳಿಗೆಯಲ್ಲಿ, ನಮ್ಮ ಹಿಂದೆ ಇನ್ನೂ ಐದಾರು ಜನ ಸಾಲುಗಟ್ಟಿ ನಿಂತಿರುವಾಗ ಬೈಕನ್ನು ಪರೀಕ್ಷಿಸಿ ಸಹಿ ಹಾಕಬೇಕಿತ್ತು. ಮೊಬೈಲಿನಲ್ಲಿ ಸುತ್ತಲೂ ವಿಡಿಯೊ ತೆಗೆದುಕೊಂಡೆ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳನ್ನೂ ನೋಡಿದೆ. ಮೊದಲೆರಡು ತಯಾರಾದ ವಾರವನ್ನು, ಕೊನೆಯೆರಡು ವರ್ಷವನ್ನು ತಿಳಿಸುತ್ತವೆ. ಟೈರುಗಳು ಹೊಸವೇ ಆಗಿದ್ದವು. ಅಷ್ಟಕ್ಕೇ ಸಮಾಧಾನಪಟ್ಟು, ಮುಂದಿನ ಚಕ್ರದ ಬ್ರೇಕ್ ಪ್ಯಾಡ್‌ಗಳ ಮೇಲೆ ಟಾರ್ಚ್ ಹಾಯಿಸದೆ ಹೊರಟದ್ದು ನನ್ನ ತಪ್ಪು. ಆದರೆ ಬಾಡಿಗೆ ತೆಗೆದುಕೊಳ್ಳುವವರೆಲ್ಲ ಮೆಕ್ಯಾನಿಕ್‌ಗಳಾಗಿರಬೇಕೆಂದು ಅಂಗಡಿಯವರು ನಿರೀಕ್ಷಿಸುವುದೂ ನ್ಯಾಯವಲ್ಲ.

ಶನಿವಾರ ಬೆಳಗಿನ ಐದಕ್ಕೆ ಹೊರಟು ನೆಲಮಂಗಲ, ಕುಣಿಗಲ್, ಹಾಸನ, ಬೇಲೂರುಗಳ ಮೂಲಕ ಚಿಕ್ಕಮಗಳೂರು ತಲುಪುವವರೆಗಿನ ಸುಮಾರು 250 ಕಿಲೋಮೀಟರುಗಳಲ್ಲಿ ಬೈಕಿನ ಬಗ್ಗೆ ಒಂದು ಕೊರತೆಯೂ ಕಾಣಲಿಲ್ಲ. 24 ಅಶ್ವಶಕ್ತಿಗೆ ತುಸು ಮೇಲಿರುವ ಈ ಎಂಜಿನ್ ಹೆದ್ದಾರಿಯಲ್ಲಿ ಗಂಟೆಗೆ 80ರಿಂದ 90 ಕಿಲೋಮೀಟರ್ ವೇಗದಲ್ಲಿ ನಿರಾಳವಾಗಿ ಓಡುತ್ತದೆ. ಅದರಾಚೆಗೆ ಅವಸರಪಡಿಸುವವರಿಗೆ ಇದು ತಕ್ಕ ಬೈಕಲ್ಲ. ಇದರ ನಿಜವಾದ ಗುಣ ತಿಳಿಯುವುದು ಘಟ್ಟದ ಏರಿನಲ್ಲಿ. ಕೈಮರದ ತಪಾಸಣಾ ಠಾಣೆ ದಾಟಿದ ಮೇಲೆ ರಸ್ತೆ ಕಿರಿದಾಗಿ, ತಿರುವುಗಳು ಒಂದರ ಬೆನ್ನಿಗೆ ಒಂದು ಬರುವಾಗ, ಎರಡನೆಯ ಗೇರಿನಲ್ಲಿ ಎಂಜಿನ್ ಒಮ್ಮೆಯೂ ಏದುಸಿರು ಬಿಡದೆ ಹತ್ತಿತು. 21 ಇಂಚಿನ ಮುಂಚಕ್ರ ಗುಂಡಿಗಳನ್ನು ಲೆಕ್ಕಿಸುವುದೇ ಇಲ್ಲ. ಸೀತಾಳಯ್ಯನಗಿರಿಯಲ್ಲಿ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಮುಂದಿದ್ದ ಗೆಳೆಯನ ಹಿಂಬದಿ ದೀಪ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ರಾಜ್ಯದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿಯನ್ನು, ಸುಮಾರು 1,930 ಮೀಟರ್, ಹತ್ತಿ ನಿಂತರೂ ನಮಗೆ ದಕ್ಕಿದ್ದು ಬಿಳಿ ಗೋಡೆಯ ದರ್ಶನವೇ.

ತೊಂದರೆ ಶುರುವಾದದ್ದು ಇಳಿಯುವಾಗ. ಮೂರನೆಯ ತಿರುವಿನ ಹೊತ್ತಿಗೆ ಮುಂದಿನ ಬ್ರೇಕ್ ಹಿಡಿದಾಗಲೆಲ್ಲ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದಂಥ ಕರ್ಕಶ ಶಬ್ದ ಬರತೊಡಗಿತು. ಇಳಿಜಾರಿನಲ್ಲಿ ಬೈಕಿನ ಭಾರವೆಲ್ಲ ಮುಂಚಕ್ರದ ಕಡೆಗೆ ಜರುಗುವುದರಿಂದ ನಿಲ್ಲಿಸುವ ಕೆಲಸದ ದೊಡ್ಡ ಪಾಲು ಮುಂದಿನ ಬ್ರೇಕಿನದೇ. ಹಿಂದಿನದನ್ನೊಂದೇ ಒತ್ತಿದರೆ ಒದ್ದೆ ಡಾಂಬರಿನ ಮೇಲೆ ಹಿಡಿತ ಸಾಲುವುದಿಲ್ಲ. ಮೊದಲ ಮತ್ತು ಎರಡನೆಯ ಗೇರುಗಳಲ್ಲೇ ಎಂಜಿನ್ನಿನ ಹಿಡಿತದಿಂದ ವೇಗ ತಗ್ಗಿಸಿಕೊಂಡು, ಹಿಂದೆ ಬರುವ ಜೀಪುಗಳಿಗೆಲ್ಲ ದಾರಿ ಬಿಟ್ಟುಕೊಡುತ್ತ, ಕೈಮರ ತಲುಪಲು ಒಂದು ಗಂಟೆಗೂ ಹೆಚ್ಚು ಸಮಯ ಹಿಡಿಯಿತು. ನಿಯಮದ ಪ್ರಕಾರ ಕ್ಲಚ್ ಹಿಡಿದು ಜಾರಲು ಬಿಡಬಾರದೆಂದು ಗೊತ್ತಿದ್ದರೂ ದಣಿದ ಕೈ ಮತ್ತೆ ಮತ್ತೆ ಅತ್ತಲೇ ಹೋಗುತ್ತಿತ್ತು.

ಚಿಕ್ಕಮಗಳೂರಿನ ಮೆಕ್ಯಾನಿಕ್ ಪ್ಯಾಡ್‌ಗಳನ್ನು ಕಳಚಿ ಅಂಗೈ ಮೇಲಿಟ್ಟು ತೋರಿಸಿದರು. ಒಂದರಲ್ಲಿ ಉಜ್ಜುವ ಪದರವೇ ಉಳಿದಿರಲಿಲ್ಲ. “ಇನ್ನೊಂದು ಗಿರಿ ಹತ್ತಿ ಇಳಿದಿದ್ದರೆ ಡಿಸ್ಕೂ ಹೋಗೋದು ಸಾರ್” ಎಂದರು. ಬಾಡಿಗೆ ಅಂಗಡಿಗೆ ಕರೆ ಮಾಡಿದಾಗ, ನ್ಯಾಯವಾಗಿ ಹೇಳಬೇಕೆಂದರೆ, ಎರಡನೆಯ ರಿಂಗಿಗೇ ಎತ್ತಿಕೊಂಡು, ಚಿತ್ರ ಕಳುಹಿಸಿದ ಹತ್ತು ನಿಮಿಷದಲ್ಲಿ ಪ್ಯಾಡ್ ಬದಲಾಯಿಸಲು ಒಪ್ಪಿ, ಹಣವನ್ನು ಅಂದೇ ಸಂಜೆ ಮರಳಿಸಿದರು. ಆದರೆ ಆ ವೇಳೆಗೆ ನಮ್ಮ ಮಧ್ಯಾಹ್ನವೆಲ್ಲ ಕಳೆದಿತ್ತು, ಬಾಬಾಬುಡನ್‌ಗಿರಿಯನ್ನು ಕೈಬಿಡಬೇಕಾಯಿತು. ಹಣ ವಾಪಸು ಬಂದರೂ ಆ ಅರ್ಧ ದಿನ ಯಾವ ರಸೀದಿಯಲ್ಲೂ ಸೇರುವುದಿಲ್ಲ. ಅದೇ ಅಂಗಡಿಯಿಂದ ಪಡೆದ ಸಹಪಾಠಿಯ ಬೈಕಿನಲ್ಲಿ ಇಂಥ ದೋಷವಿರಲಿಲ್ಲ ಎಂಬುದನ್ನೂ ಹೇಳಬೇಕು. ಅಂದರೆ ಪ್ರತಿ ಬಾಡಿಗೆಯ ನಂತರ ಎಲ್ಲ ಬೈಕುಗಳನ್ನೂ ಒಂದೇ ಪಟ್ಟಿ ಹಿಡಿದು ತಪಾಸಿಸುವ ಪದ್ಧತಿ ಇವರಲ್ಲಿಲ್ಲ.

ಭಾನುವಾರ ಸಂಜೆ ಏಳೂವರೆಗೆ ಬೈಕು ಮರಳಿಸುವಾಗ ಓಡೋಮೀಟರ್ 571 ಕಿಲೋಮೀಟರ್ ಹೆಚ್ಚು ತೋರಿಸುತ್ತಿತ್ತು, ಮಿತಿಯೊಳಗೇ. ಆದರೂ ಇಂಧನ ಟ್ಯಾಂಕಿನ ಎಡಬದಿಯ ಗೀರೊಂದಕ್ಕೆ 800 ರೂಪಾಯಿ ಕಡಿತ ಮಾಡುವುದಾಗಿ ಹುಡುಗನೊಬ್ಬ ಹೇಳಿದ. ಶುಕ್ರವಾರದ ವಿಡಿಯೊದಲ್ಲಿ ಅದೇ ಗೀರು ಸ್ಪಷ್ಟವಾಗಿ ಕಂಡ ಮೇಲೆ ಮಾತು ಅಲ್ಲಿಗೇ ನಿಂತಿತು, ಠೇವಣಿ ಪೂರ್ತಿ ಮರಳಿತು.

ಮೈಸೂರು, ಮಂಡ್ಯದಂಥ ಸಮತಟ್ಟಾದ ದಾರಿಗೆ ನಾನು ಇದೇ ಅಂಗಡಿಗೆ ಮತ್ತೆ ಹೋಗುತ್ತೇನೆ. ದರ ನ್ಯಾಯವಾದದ್ದು, ಕರೆಗೆ ಉತ್ತರ ಸಿಗುತ್ತದೆ. ಚಾರ್ಮಾಡಿ, ಆಗುಂಬೆಯಂಥ ಘಟ್ಟಗಳಿಗಾದರೆ ಬೈಕನ್ನು ಹಗಲಿನಲ್ಲೇ ಕೊಡುವ ಮತ್ತು ಅಲ್ಲೇ ಒಂದು ಸುತ್ತು ಓಡಿಸಿ ಬ್ರೇಕ್ ಪರೀಕ್ಷಿಸಲು ಬಿಡುವ ಅಂಗಡಿಯನ್ನು ಹುಡುಕುತ್ತೇನೆ, ದಿನಕ್ಕೆ 300 ರೂಪಾಯಿ ಹೆಚ್ಚಾದರೂ ಸರಿ.