ವೈಸ್ ಕೌಂಟಿಯ ಕಲಿಕೆ ಮತ್ತು ಉದ್ಯೋಗ ತರಬೇತಿ: ಎರಡು ವರ್ಷ ಓಡಾಡಿದ ಮೇಲೆ ಬರೆದ ವಿಮರ್ಶೆ

ಅಮೆರಿಕದ ವರ್ಜೀನಿಯಾ ರಾಜ್ಯದ ನೈರುತ್ಯ ಮೂಲೆಯಲ್ಲಿ, ಕೆಂಟಕಿಯ ಗಡಿಗೆ ಅಂಟಿಕೊಂಡಿರುವ ವೈಸ್ ಕೌಂಟಿಗೆ ನಾವು ಬಂದದ್ದು ನನ್ನ ಪತಿಯ ಕೆಲಸದ ಕಾರಣದಿಂದ. ವೈದ್ಯರ ಕೊರತೆಯಿರುವ ಪ್ರದೇಶದಲ್ಲಿ ಮೂರು ವರ್ಷ ದುಡಿಯಲು ಒಪ್ಪುವ ವಿದೇಶಿ ವೈದ್ಯರಿಗೆ, ತರಬೇತಿ ಮುಗಿಸಿ ಎರಡು ವರ್ಷ ಸ್ವದೇಶದಲ್ಲಿ ಇರಲೇಬೇಕೆಂಬ ಷರತ್ತಿನಿಂದ ವಿನಾಯಿತಿ ಕೊಡುವ ಕಾನ್ರಾಡ್ 30 ಎಂಬ ಯೋಜನೆಯಿದ್ದು, ಇಂಥ ಬೆಟ್ಟದ ಊರುಗಳಿಗೆ ಭಾರತೀಯ ಕುಟುಂಬಗಳು ಬಂದು ಸೇರುವುದಕ್ಕೆ ಅದೂ ಒಂದು ಕಾರಣ. ಪತಿಗೆ ಆಸ್ಪತ್ರೆಯ ಕೆಲಸ ಮೊದಲ ದಿನದಿಂದಲೇ ಸಿದ್ಧವಾಗಿತ್ತು. ಊರಿನಲ್ಲಿ ಬ್ಯಾಂಕ್ ಉದ್ಯೋಗ ಬಿಟ್ಟು ಬಂದ ನನಗೆ ಕೆಲಸದ ಪರವಾನಗಿ ಕೈಗೆ ಬರುವವರೆಗೆ ಕಾಯುವುದು, ಬಂದ ಮೇಲೆ ಏನು ಕಲಿಯಬೇಕೆಂದು ಹುಡುಕುವುದು, ಇವೆರಡೇ ಕೆಲಸವಾದವು. ಆ ಹುಡುಕಾಟದಲ್ಲಿ ಕಂಡ ಸೌಲಭ್ಯಗಳನ್ನು, ಇಂಥದೇ ಕೌಂಟಿಗೆ ಬರಲಿರುವವರ ಅನುಕೂಲಕ್ಕಾಗಿ ಇಲ್ಲಿ ವಿಮರ್ಶಿಸಿದ್ದೇನೆ.

ಸುಮಾರು 36,000 ಜನರಿರುವ ಈ ಕೌಂಟಿ ಕಲ್ಲಿದ್ದಲಿನಿಂದ ಬೆಳೆದದ್ದು. ಗಣಿಗಳ ಕೆಲಸ ಕುಗ್ಗಿದ ಮೇಲೆ ಆಸ್ಪತ್ರೆ, ಶಾಲೆ ಮತ್ತು ರಾಜ್ಯದ ಎರಡು ದೊಡ್ಡ ಸೆರೆಮನೆಗಳು ಇಲ್ಲಿ ಸಂಬಳ ಕೊಡುವ ಮುಖ್ಯ ಜಾಗಗಳಾಗಿವೆ. ತರಬೇತಿಯ ಯಾವುದೇ ಆಯ್ಕೆಯನ್ನು ತೂಗುವಾಗ ಈ ಚಿತ್ರ ಕಣ್ಣೆದುರಿಗಿರಬೇಕು, ಏಕೆಂದರೆ ಸರ್ಟಿಫಿಕೇಟ್ ಪಡೆಯುವುದು ಇಲ್ಲಿ ಕಷ್ಟವಲ್ಲ, ಪಡೆದ ಸರ್ಟಿಫಿಕೇಟಿಗೆ ಕಾರಿನಲ್ಲಿ ಹೋಗಿಬರುವಷ್ಟು ದೂರದೊಳಗೆ ಕೆಲಸವಿದೆಯೇ ಎಂಬುದೇ ಕಷ್ಟದ ಪ್ರಶ್ನೆ.

ಮೊದಲು ಹೇಳಬೇಕಾದದ್ದು ಬಿಗ್ ಸ್ಟೋನ್ ಗ್ಯಾಪ್‌ನಲ್ಲಿರುವ ಮೌಂಟನ್ ಎಂಪೈರ್ ಕಮ್ಯುನಿಟಿ ಕಾಲೇಜಿನ ವಿಷಯ. ಲೀ, ಸ್ಕಾಟ್, ವೈಸ್ ಕೌಂಟಿಗಳಿಗೂ ಡಿಕನ್‌ಸನ್ ಕೌಂಟಿಯ ಒಂದು ಭಾಗಕ್ಕೂ ನಾರ್ಟನ್ ನಗರಕ್ಕೂ ಇದೇ ಕಮ್ಯುನಿಟಿ ಕಾಲೇಜು. (ನಾರ್ಟನ್ ನಕ್ಷೆಯಲ್ಲಿ ವೈಸ್ ಕೌಂಟಿಯ ಒಡಲಿನಲ್ಲಿಯೇ ಕಂಡರೂ ವರ್ಜೀನಿಯಾದ ಕಾನೂನಿನಂತೆ ಅದು ಕೌಂಟಿಗೆ ಸೇರದ ಸ್ವತಂತ್ರ ನಗರ, ಅರ್ಜಿಯಲ್ಲಿ ವಾಸಸ್ಥಳ ತುಂಬುವಾಗ ನಾನು ಎರಡು ಬಾರಿ ಎಡವಿದ್ದೇನೆ.) ನರ್ಸಿಂಗ್, ವೆಲ್ಡಿಂಗ್, ಅಕೌಂಟಿಂಗ್‌ನಿಂದ ಹಿಡಿದು ವಿದ್ಯುತ್ ಲೈನ್‌ಮನ್ ತರಬೇತಿಯವರೆಗೆ ಒಂದೇ ಆವರಣದಲ್ಲಿ ಕಲಿಸುವ ಇಂಥ ಸಂಸ್ಥೆಯನ್ನು ನಮ್ಮಲ್ಲಿಯ ಪದವಿ ಕಾಲೇಜಿಗೋ ಐಟಿಐಗೋ ಹೋಲಿಸಿದರೆ ಅರ್ಧ ಮಾತ್ರ ಅರ್ಥವಾಗುತ್ತದೆ; ಅದು ಎರಡೂ ಹೌದು. ಹದಿನೆಂಟರ ಹುಡುಗ ಮತ್ತು ಗಣಿ ಮುಚ್ಚಿ ಮನೆಯಲ್ಲಿ ಕುಳಿತ ಐವತ್ತರ ಗಂಡಸು ಒಂದೇ ಬೆಂಚಿನಲ್ಲಿ ಕುಳಿತು ಟಿಪ್ಪಣಿ ಬರೆದುಕೊಳ್ಳುವುದನ್ನು ಇಲ್ಲಿ ಯಾರೂ ವಿಶೇಷವೆಂದು ನೋಡುವುದಿಲ್ಲ.

ಅಲ್ಪಾವಧಿ ಕೋರ್ಸುಗಳಿಗೆ ವರ್ಜೀನಿಯಾ 2016ರಲ್ಲಿ ಆರಂಭಿಸಿದ ಫಾಸ್ಟ್‌ಫಾರ್ವರ್ಡ್ ಯೋಜನೆಯ ಲೆಕ್ಕಾಚಾರ ನನಗೆ ಬಹಳ ಹಿಡಿಸಿತು. ರಾಜ್ಯದ ನಿವಾಸಿಯಾದ ವಿದ್ಯಾರ್ಥಿ ಶುಲ್ಕದ ಮೂರನೇ ಒಂದು ಭಾಗವನ್ನು ಮಾತ್ರ ಮೊದಲು ಕಟ್ಟುತ್ತಾನೆ. ತರಬೇತಿ ಮುಗಿಸಿ, ಉದ್ಯಮ ಒಪ್ಪುವ ಪ್ರಮಾಣಪತ್ರವನ್ನೂ ಗಳಿಸಿದರೆ ಉಳಿದದ್ದನ್ನು ಸರ್ಕಾರ ಕಾಲೇಜಿಗೆ ಕೊಡುತ್ತದೆ. ನಡುವೆ ಬಿಟ್ಟರೆ ಇನ್ನೊಂದು ಭಾಗ ವಿದ್ಯಾರ್ಥಿಯ ತಲೆಗೇ ಬರುತ್ತದೆ. ಸೇರಿಸಿಕೊಂಡರೆ ಸಾಕು ಎಂಬ ಆಲಸ್ಯ ಕಾಲೇಜಿಗೂ, ಸೇರಿದರೆ ಸಾಕು ಎಂಬ ಆಲಸ್ಯ ವಿದ್ಯಾರ್ಥಿಗೂ ಬಾರದಂತೆ ಹೆಣೆದ ವ್ಯವಸ್ಥೆಯಿದು. ಆದರೆ ಕಾರು ಕೆಟ್ಟು ನಿಂತದ್ದಕ್ಕೆ ಅಥವಾ ಮಗುವನ್ನು ನೋಡಿಕೊಳ್ಳುವವರಿಲ್ಲದ್ದಕ್ಕೆ ಕೋರ್ಸು ಬಿಡಬೇಕಾದವರಿಗೆ ಅದೇ ಜಾಣತನ ದಂಡವಾಗಿ ಬೀಳುತ್ತದೆ. ಬಡವರಿಗೆ ಕೋರ್ಸು ತಪ್ಪುವುದು ಬಹುತೇಕ ಇಂಥ ಕಾರಣಗಳಿಂದಲೇ ಎಂಬುದನ್ನು ನೆನೆದರೆ, ಯೋಜನೆಗೆ ಪೂರ್ತಿ ಅಂಕ ಕೊಡಲು ನನ್ನ ಮನಸ್ಸು ಒಪ್ಪುವುದಿಲ್ಲ.

ಈ ಅಲ್ಪಾವಧಿ ತರಬೇತಿಗಳೊಳಗೆ ಇರುವ ವ್ಯತ್ಯಾಸ ಇಡೀ ಕೌಂಟಿಯ ಕಥೆಯನ್ನೇ ಹೇಳುತ್ತದೆ. ವೃದ್ಧಾಶ್ರಮ, ಆಸ್ಪತ್ರೆಗಳಲ್ಲಿ ರೋಗಿಗಳ ಆರೈಕೆ ಮಾಡುವ ನರ್ಸ್ ಏಡ್ ಆಗಲು 1987ರ ಫೆಡರಲ್ ಕಾನೂನು ಕನಿಷ್ಠ 75 ಗಂಟೆಗಳ ತರಬೇತಿ ಕೇಳುತ್ತದೆ. ವರ್ಜೀನಿಯಾ ಅದಕ್ಕಿಂತ ಹೆಚ್ಚು ಕೇಳುತ್ತದೆ. ಹೇಗೆ ನೋಡಿದರೂ ಕೆಲವೇ ವಾರಗಳ ಮಾತು. ಕಲಿತವರಿಗೆ ಕೌಂಟಿಯೊಳಗೇ ಕೆಲಸವಿದೆ, ಏಕೆಂದರೆ ಇಲ್ಲಿ ವಯಸ್ಸಾದವರಿಗೆ ಕೊರತೆಯಿಲ್ಲ. ಆದರೆ ಈ ಕೆಲಸಕ್ಕೆ ದೇಶದ ಮಧ್ಯಮ ವಾರ್ಷಿಕ ವೇತನ 2024ರಲ್ಲಿ 39,000 ಡಾಲರಿನ ಆಸುಪಾಸಿನಲ್ಲಿತ್ತು. ವಿದ್ಯುತ್ ಲೈನ್‌ಮನ್‌ನದು ಅದೇ ವರ್ಷ 92,000 ಡಾಲರನ್ನು ದಾಟಿತ್ತು. ಆದರೆ ಲೈನ್‌ಮನ್ ಆದವನು ಬಿರುಗಾಳಿ ಬೀಸಿದಲ್ಲಿಗೆ, ಹೊಸ ಲೈನು ಎಳೆಯುವಲ್ಲಿಗೆ, ಗುತ್ತಿಗೆದಾರ ಕಳಿಸಿದಲ್ಲಿಗೆ ಹೋಗಬೇಕು. ಮನೆ ವೈಸ್‌ನಲ್ಲಿದ್ದರೂ ಬದುಕು ಟ್ರಕ್ಕಿನಲ್ಲಿ. ಊರಿನಲ್ಲಿ ಉಳಿಸುವ ಕಲಿಕೆ ಕಡಿಮೆ ಕೊಡುತ್ತದೆ, ಹೆಚ್ಚು ಕೊಡುವ ಕಲಿಕೆ ಊರು ಬಿಡಿಸುತ್ತದೆ. ಸಲಹೆಗಾರರು ಈ ಮಾತನ್ನು ಮೊದಲ ಭೇಟಿಯಲ್ಲೇ ಬಾಯಿಬಿಟ್ಟು ಹೇಳಬೇಕು ಎಂಬುದು ನನ್ನ ಅಭಿಪ್ರಾಯ; ನಾನು ನೋಡಿದ ಕರಪತ್ರಗಳಲ್ಲಿ ಸಂಬಳದ ಅಂಕಿ ಮಾತ್ರ ದೊಡ್ಡಕ್ಷರದಲ್ಲಿತ್ತು. ನೆಲದೊಳಗಿನ ಗಣಿಗೆ ಹೊಸದಾಗಿ ಇಳಿಯುವವನಿಗೆ ಫೆಡರಲ್ ನಿಯಮ ವಿಧಿಸುವ ತರಬೇತಿ 40 ಗಂಟೆ. ಅಂದರೆ ಬೆಟ್ಟದ ಹೊಟ್ಟೆಯೊಳಕ್ಕೆ ಹೋಗುವುದಕ್ಕಿಂತ ಮುದುಕಿಯೊಬ್ಬಳನ್ನು ಹಾಸಿಗೆಯಿಂದ ಎಬ್ಬಿಸಿ ಕೂರಿಸುವುದಕ್ಕೆ ಹೆಚ್ಚು ಹೊತ್ತು ಕಲಿಯಬೇಕು. ಇದನ್ನು ಕೇಳಿ ನನ್ನ ಪತಿ ನಕ್ಕರು. ಆಮೇಲೆ, ಅದು ಸರಿಯಾಗಿಯೇ ಇದೆ ಎಂದರು.

ಎರಡನೆಯ ಬಾಗಿಲು ಸರ್ಕಾರಿ ಉದ್ಯೋಗ ಕೇಂದ್ರ. ದೇಶದಾದ್ಯಂತ ಅಮೆರಿಕನ್ ಜಾಬ್ ಸೆಂಟರ್ ಎಂದು ಕರೆಯುವ ಈ ಜಾಲಕ್ಕೆ ವರ್ಜೀನಿಯಾದಲ್ಲಿ ವರ್ಜೀನಿಯಾ ಕೆರಿಯರ್ ವರ್ಕ್ಸ್ ಎಂಬ ಹೆಸರಿದ್ದು, ಉದ್ಯೋಗ ತರಬೇತಿಗೆಂದೇ ಇರುವ 2014ರ ವಿಯೋವಾ (WIOA) ಎಂಬ ಫೆಡರಲ್ ಕಾಯಿದೆಯ ಹಣದಿಂದ ಇದು ನಡೆಯುತ್ತದೆ. ರೆಸ್ಯೂಮೆ ತಿದ್ದುವುದು, ಕೆಲಸ ಹುಡುಕಿಕೊಡುವುದು ಮೊದಲಾದ ಪ್ರಾಥಮಿಕ ಸೇವೆಗಳು ಉಚಿತ. ತರಬೇತಿ ಶುಲ್ಕವನ್ನು ಕೇಂದ್ರವೇ ಭರಿಸುವ ವ್ಯವಸ್ಥೆಯೂ ಇದೆ, ಆದರೆ ವಯಸ್ಕರಿಗಾಗಿ ಮೀಸಲಾದ ಆ ಹಣದಲ್ಲಿ ಕಡಿಮೆ ಆದಾಯದವರಿಗೂ ಸರ್ಕಾರಿ ನೆರವು ಪಡೆಯುವವರಿಗೂ ಆದ್ಯತೆ. ವೈದ್ಯರ ಮನೆಯವಳಾದ ನನಗೆ ಅದು ಸಿಗುವುದಿಲ್ಲವೆಂದು ಮೊದಲ ಭೇಟಿಯಲ್ಲಿಯೇ ಮರ್ಯಾದೆಯಿಂದ, ಸ್ಪಷ್ಟವಾಗಿ ಹೇಳಿದರು. ಅದು ನ್ಯಾಯವೇ. ವೀಸಾದ ವಿಷಯದಲ್ಲಿ ನಮ್ಮವರು ಗಮನಿಸಬೇಕಾದ ಅಂಶವೆಂದರೆ, ಎಚ್-4 ವೀಸಾದವರಿಗೆ (ಎಚ್-1ಬಿ ಉದ್ಯೋಗ ವೀಸಾ ಇರುವವರ ಪತಿ ಅಥವಾ ಪತ್ನಿಗೆ) ಉದ್ಯೋಗ ಪರವಾನಗಿ ಬಂದರೆ ಈ ಕೇಂದ್ರದ ಬಾಗಿಲು ತೆರೆಯುತ್ತದೆ. ಕಾಲೇಜು ಶುಲ್ಕಕ್ಕೆ ಕೊಡುವ ಫೆಡರಲ್ ಪೆಲ್ ಅನುದಾನ ಮಾತ್ರ ಆಗಲೂ ಸಿಗುವುದಿಲ್ಲ, ಅದಕ್ಕೆ ನಮ್ಮಂಥವರಿಗೆ ಗ್ರೀನ್ ಕಾರ್ಡೇ ಬೇಕು. 2025-26ರಲ್ಲಿ ಆ ಅನುದಾನದ ಗರಿಷ್ಠ ಮೊತ್ತ 7,395 ಡಾಲರ್. ಈವರೆಗೆ ಅದು ದೀರ್ಘ ಕೋರ್ಸುಗಳಿಗಷ್ಟೇ ಸಲ್ಲುತ್ತಿತ್ತು. 2026ರ ಜುಲೈ 1ರಿಂದ 8ರಿಂದ 15 ವಾರಗಳೊಳಗಿನ ಅರ್ಹ ತರಬೇತಿಗಳಿಗೂ ಅನ್ವಯಿಸಬೇಕೆಂದು 2025ರ ಕಾನೂನು ಹೇಳಿದೆ.

ಈ ಕೇಂದ್ರದಿಂದ ನನಗಾದ ನಿಜವಾದ ಉಪಕಾರ ತಡವಾಗಿ ತಿಳಿದ ಒಂದು ಪಟ್ಟಿ. ಸರ್ಕಾರದ ಹಣ ಪಡೆಯಲು ಅರ್ಹವಾದ ತರಬೇತಿ ಸಂಸ್ಥೆಗಳ ಪಟ್ಟಿಯನ್ನು ಪ್ರತಿ ರಾಜ್ಯವೂ ಪ್ರಕಟಿಸುತ್ತದೆ. ಸ್ವಂತ ದುಡ್ಡಿನಲ್ಲಿ ಕಲಿಯುವವರೂ ಅದನ್ನು ಮೊದಲು ನೋಡುವುದು ಒಳ್ಳೆಯದು. ಅದನ್ನು ಅರಿಯುವ ಮೊದಲೇ ನಾನು ಬೇರೆ ರಾಜ್ಯದ ಖಾಸಗಿ ಆನ್‌ಲೈನ್ ಸಂಸ್ಥೆಯೊಂದಕ್ಕೆ ಮೆಡಿಕಲ್ ಕೋಡಿಂಗ್ (ರೋಗ, ಚಿಕಿತ್ಸೆಗಳನ್ನು ಬಿಲ್ಲಿಗಾಗಿ ಸಂಕೇತಗಳಲ್ಲಿ ಬರೆಯುವ ಕೆಲಸ) ಕಲಿಯಲು 1,800 ಡಾಲರ್ ಕಟ್ಟಿದ್ದೆ. ಆಸ್ಪತ್ರೆಗಳು ಕೇಳುವುದು ಸಿಪಿಸಿಯಂಥ ವೃತ್ತಿಪರ ಪರೀಕ್ಷೆಯ ಪ್ರಮಾಣಪತ್ರವನ್ನು. ಆ ಸಂಸ್ಥೆ ಕೊಟ್ಟದ್ದು ಬಣ್ಣದ ಅಂಚಿನ ತನ್ನದೇ ಕಾಗದವನ್ನು. ಮರುಪಾವತಿ ಕೇಳಿದಾಗ, ಅವಧಿ ಮೀರಿದೆಯೆಂಬ ಒಂದು ಸಾಲಿನ ಉತ್ತರ ಬಂತು.

ಶಾಲೆ ಅರ್ಧಕ್ಕೆ ಬಿಟ್ಟವರಿಗೆ ಜಿಇಡಿ, ಅಂದರೆ ಹೈಸ್ಕೂಲ್ ಮುಗಿಸಿದ್ದಕ್ಕೆ ಸಮವೆಂದು ಎಣಿಸುವ ಪರೀಕ್ಷೆಯ, ತರಗತಿಗಳು ಉಚಿತವಾಗಿ ನಡೆಯುತ್ತವೆ. ಗಣಿತ, ಭಾಷೆ, ವಿಜ್ಞಾನ, ಸಮಾಜ ಈ ನಾಲ್ಕರಲ್ಲೂ 145 ಅಂಕ ಬಂದರೆ ತೇರ್ಗಡೆ. ನೋಂದಾಯಿತ ಅಪ್ರೆಂಟಿಸ್‌ಶಿಪ್ ಕಾಗದದ ಮೇಲೆ ಎಲ್ಲಕ್ಕಿಂತ ಚೆಂದ, ದುಡಿಯುತ್ತಲೇ ವರ್ಷಕ್ಕೆ 144 ಗಂಟೆಯಷ್ಟು ಪಾಠ. ಆದರೆ ಮೊದಲು ಸೇರಿಸಿಕೊಳ್ಳುವ ಮಾಲೀಕ ಬೇಕು, ಇಷ್ಟು ಚಿಕ್ಕ ಕೌಂಟಿಯಲ್ಲಿ ಅಂಥವರನ್ನು ಬೆರಳಲ್ಲಿ ಎಣಿಸಬಹುದು. ವೈಸ್ ಪಟ್ಟಣದಲ್ಲಿ 1954ರಿಂದಲೂ ವರ್ಜೀನಿಯಾ ವಿಶ್ವವಿದ್ಯಾಲಯದ ಕಾಲೇಜಿದೆ. ಸಾಫ್ಟ್‌ವೇರ್ ಎಂಜಿನಿಯರಿಂಗ್ ಪದವಿಯೂ ಅಲ್ಲಿ ಸಿಗುತ್ತದೆ. ಊರು ಬಿಡದೆ ನಾಲ್ಕು ವರ್ಷದ ಪದವಿ ಓದಬಯಸುವವರಿಗೆ ಅದು ದೊಡ್ಡ ಅನುಕೂಲ.

ಇವೆಲ್ಲಕ್ಕೂ ಮಿಗಿಲಾದ ಅಡ್ಡಿ ರಸ್ತೆ. ಉತ್ತರದ ಪೌಂಡ್‌ನಿಂದ ಬಿಗ್ ಸ್ಟೋನ್ ಗ್ಯಾಪ್‌ಗೆ ಹೆದ್ದಾರಿ 23ರಲ್ಲಿ ಅರ್ಧ ಗಂಟೆಗೂ ಹೆಚ್ಚು ಬೇಕು. ಬೆಟ್ಟದ ಸಂದಿನ ಮನೆಯಿಂದ ಆ ಹೆದ್ದಾರಿಗೆ ಇಳಿಯುವ ಹೊತ್ತು ಬೇರೆ. ಇಲ್ಲಿರುವ ಸಾರ್ವಜನಿಕ ವ್ಯಾನ್ ಸೇವೆಗೆ ಮೊದಲೇ ಫೋನ್ ಮಾಡಿ ಸಮಯ ಕೇಳಿಕೊಳ್ಳಬೇಕು. ಮನೆಯ ಇಂಟರ್ನೆಟ್ ಕೈಕೊಟ್ಟ ದಿನಗಳಲ್ಲಿ ನನ್ನನ್ನು ಕಾಪಾಡಿದ್ದು ಲೋನ್‌ಸಮ್ ಪೈನ್ ಪ್ರಾದೇಶಿಕ ಗ್ರಂಥಾಲಯ. ತರಬೇತಿ ಕೇಂದ್ರವೆಂದು ಅದನ್ನು ಯಾರೂ ಕರೆಯುವುದಿಲ್ಲ; ನನ್ನ ಅರ್ಜಿಗಳೆಲ್ಲ ಹೋದದ್ದು ಅಲ್ಲಿನ ಕಂಪ್ಯೂಟರಿನಿಂದಲೇ.

ಕೊನೆಗೆ ನಾನು ಆರಿಸಿಕೊಂಡದ್ದು ಕಮ್ಯುನಿಟಿ ಕಾಲೇಜಿನ ಅಕೌಂಟಿಂಗ್ ಅಧ್ಯಯನ. ನಮ್ಮ ಮೂರು ವರ್ಷದ ಬಿ.ಕಾಂ ಪದವಿಯನ್ನು ಇಲ್ಲಿನ ನಾಲ್ಕು ವರ್ಷದ ಪದವಿಗೆ ಸಮವೆಂದು ಎಲ್ಲ ಮೌಲ್ಯಮಾಪಕರೂ ಒಪ್ಪುವುದಿಲ್ಲವಾದ್ದರಿಂದ, ಹಳೆಯ ಅಂಕಪಟ್ಟಿಯ ಮೌಲ್ಯಮಾಪನಕ್ಕೆ ದುಡ್ಡು ಕೊಡುವ ಮೊದಲೇ ಕಾಲೇಜಿನ ದಾಖಲಾತಿ ಕಚೇರಿಯಲ್ಲಿ, ಯಾವ ಸಂಸ್ಥೆಯ ವರದಿ ತಮಗೆ ಒಪ್ಪಿಗೆ ಎಂದು ಕೇಳಿಕೊಂಡೆ. ಪತಿಯ ಒಪ್ಪಂದ ಮುಗಿಯಲು ಇನ್ನೊಂದು ವರ್ಷವಿದೆ, ಆಮೇಲೆ ನಾವು ಇಲ್ಲಿರುತ್ತೇವೆಯೇ ಎಂಬುದು ನಿಶ್ಚಯವಿಲ್ಲ. ಕಾಲೇಜಿನ ಕ್ರೆಡಿಟ್‌ಗಳನ್ನಾದರೆ ಹೋದಲ್ಲಿಗೆ ಒಯ್ಯಬಹುದು. ನನ್ನ ಪಕ್ಕದಲ್ಲಿ ಕೂರುವ ಮಹಿಳೆ ನರ್ಸ್ ಏಡ್ ಆಗಿ ಹತ್ತು ವರ್ಷ ದುಡಿದು ಈಗ ಲೆಕ್ಕಪತ್ರ ಕಲಿಯುತ್ತಿದ್ದಾರೆ. ಕೆಲಸ ಎಲ್ಲಿ ಹುಡುಕುತ್ತೀರಿ ಎಂದು ಕೇಳಿದೆ. ಅದೇ ವೃದ್ಧಾಶ್ರಮದ ಕಚೇರಿಯಲ್ಲಿ ಒಂದು ಕುರ್ಚಿ ಖಾಲಿಯಾಗಲಿದೆಯಂತೆ, ಅದಕ್ಕೇ ಕಾದಿದ್ದಾರಂತೆ.