ಹಳೇ ಹಂಚಿನ ಮನೆಗೆ ಫಾಯಿಲ್, ಎಕ್ಸ್‌ಪಿಎಸ್, ಗ್ಲಾಸ್‌ವೂಲ್: ಕೊಡಗಿನ ಮಳೆಗೆ ಯಾವುದು ತಾಳುತ್ತೆ?

ಮಡಿಕೇರಿ, ಭಾಗಮಂಡಲದ ಕಡೆ ಕಾವು, ಚಳಿ ತಡೆಯಲು ಮಾಡಿನ ಕೆಳಗೆ ಏನೇ ಹಾಕಿ, ಅದು ಚಳಿಗಿಂತ ಮೊದಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವವನ್ನು ತಡೆದುಕೊಳ್ಳಬೇಕು. ಮೂರನ್ನೂ ಹಾಕಿ ನೋಡಿದ ಮೇಲಿನ ಲೆಕ್ಕ ಇದು.

ಬಬಲ್ ಫಾಯಿಲ್ (ಗಾಳಿಗುಳ್ಳೆಯ ಪ್ಲಾಸ್ಟಿಕ್‌ಗೆ ಹೊಳೆಯುವ ಅಲ್ಯೂಮಿನಿಯಂ ಹಾಳೆ ಅಂಟಿಸಿದ್ದು) ಅಗ್ಗ, ಕೆಲಸವೂ ಬೇಗ. ಏಪ್ರಿಲ್ ಬಿಸಿಲಿಗೆ ಅಟ್ಟದ ಕಾವು ಇಳಿಸುತ್ತೆ. ಆದರೆ ಹಂಚಿಗೂ ಅದಕ್ಕೂ ನಡುವೆ ಒಂದಿಂಚಾದರೂ ಸಂದು ಇರಬೇಕು. ತಾಗಿಕೊಂಡರೆ ಆ ಹೊಳಪಿನಿಂದ ಪ್ರಯೋಜನವಿಲ್ಲ. ಡಿಸೆಂಬರ್‌ನಲ್ಲಿ ಇದರ ಬಣ್ಣ ಬಯಲು. ಬಚ್ಚಲಿನ ಹಬೆ ಮೇಲೇರಿ ತಣ್ಣನೆ ಫಾಯಿಲ್‌ನ ತಳದಲ್ಲಿ ನೀರಾಗುತ್ತೆ. ಬೆಳಗ್ಗೆ ಟಾರ್ಚ್ ಹಿಡಿದರೆ ಪಕ್ಕಾಸಿನ (ಹಂಚು ಹೊರುವ ಇಳಿಜಾರು ಮರ) ಮಗ್ಗುಲಲ್ಲೇ ಹನಿಗಳ ಸಾಲು. ಮಾಡು ಸೋರುತ್ತಿದೆ ಅಂತ ಸುಮ್ಮನೆ ಹಂಚು ಬದಲಿಸುವವರೂ ಉಂಟು!

ಅಟ್ಟವನ್ನೇ ಕೋಣೆ ಮಾಡುವುದಾದರೆ ಮಾತ್ರ ಎಕ್ಸ್‌ಪಿಎಸ್ (ಗಟ್ಟಿ ಥರ್ಮಾಕೋಲಿನಂಥ ಫೋಮ್ ಹಲಗೆ): 50 ಮಿ.ಮೀ. ಬೋರ್ಡ್, ಪಕ್ಕಾಸುಗಳ ನಡುವೆ. 10×12 ಅಡಿ ಕೋಣೆಯ ಮೇಲೆ ಮಾಡಿನ ಇಳಿಜಾರು 30 ಡಿಗ್ರಿ ಇದ್ದರೆ ಸುಮಾರು 139 ಚದರಡಿ ಆಗುತ್ತೆ, 1.25×0.6 ಮೀಟರ್‌ನ ಬೋರ್ಡ್ 20 ತರಿಸಿ. ಹಳೇ ಪಕ್ಕಾಸು ನೇರ ಇರುವುದಿಲ್ಲ, ಪ್ರತಿ ತುಂಡನ್ನೂ ಅಳೆದೇ ಕೊಯ್ಯಬೇಕು. ನೀರಿಗೆ ಇದು ಜಗ್ಗದು, ಇಲಿಗೆ ಜಗ್ಗುತ್ತೆ. ಪಿವಿಸಿ ವೈರ್ ಬೋರ್ಡಿಗೆ ತಾಗಿಕೊಂಡಿದ್ದರೆ ವರ್ಷಗಳಲ್ಲಿ ಅದರ ಹೊದಿಕೆ ಗಡುಸಾಗಿ ಬಿರಿಯುತ್ತೆ; ಪೈಪಿನೊಳಗೇ ಎಳೆಯಿರಿ.

ಅಟ್ಟ ಖಾಲಿಯಿದ್ದರೆ ನಮ್ಮ ಓಟು ಗ್ಲಾಸ್‌ವೂಲ್‌ಗೆ (ಗಾಜಿನ ಎಳೆಗಳ ಉಣ್ಣೆ), ಅದೂ ಹಂಚಿನ ಕೆಳಗಲ್ಲ, ಕೋಣೆಯ ಹಲಗೆ ಮುಚ್ಚಿಗೆಯ ಮೇಲೆ. ಮೊದಲು ಒಡೆದ ಹಂಚು ಬದಲಿಸಿ, ಒಂದು ಮಳೆಗಾಲ ಕಾಯಿರಿ. ನೆನೆದ ಉಣ್ಣೆಯಲ್ಲಿ ಗಾಳಿಯ ಜಾಗಕ್ಕೆ ನೀರು ಕೂತು ಚಳಿ ತಡೆಯುವ ಗುಣವೇ ಹೋಗುತ್ತೆ, ಕೆಳಗಿನ ಹಲಗೆಯೂ ಕೊಳೆಯುತ್ತೆ. ಹಲಗೆ ಸಂದಿನಿಂದ ದೂಳು ಉದುರದಂತೆ ಉಸಿರಾಡುವ ತೆಳು ಬಟ್ಟೆ ಹಾಸಿ. ಪ್ಲಾಸ್ಟಿಕ್ ಸುತ್ತಿದ ಉಣ್ಣೆ ಬೇಡ, ಒಳಗೆ ಹೋದ ನೀರು ಹೊರಬರುವುದಿಲ್ಲ. 50 ಮಿ.ಮೀ.ನ ಎರಡು ಪದರ, ಮೇಲಿನದನ್ನು ಕೆಳಗಿನದಕ್ಕೆ ಅಡ್ಡಡ್ಡ ಹಾಸಿ. ಅದೇ ಕೋಣೆಗೆ 240 ಚದರಡಿ, ಮೇಲೆ ಹತ್ತು ಪರ್ಸೆಂಟ್. ಒತ್ತಿ ತುರುಕಬೇಡಿ. ಸೂರಿನ ಅಂಚಿನಲ್ಲಿ ಒಂದು ಗೇಣು ಬಿಡಿ: ಗಾಳಿ ಆಡಬೇಕು, ಎರಚಲು ತಾಗಬಾರದು. ಕೈಗವಸು, ಮಾಸ್ಕ್, ತುಂಬುತೋಳಿನ ಅಂಗಿ ಕಡ್ಡಾಯ.

ಸೌದೆ ಒಲೆಯ ಅಡುಗೆಮನೆ ಮೇಲೆ ಮಾತ್ರ ಮೂರೂ ಬೇಡ. ಹೊಗೆ ಹೋಗಲು ದಾರಿ ಬೇಕು, ಕಿಡಿ ಹಾರಿದರೆ ಎಕ್ಸ್‌ಪಿಎಸ್ ಕರಗಿ ಹೊತ್ತಿಕೊಳ್ಳುತ್ತೆ.